ನೀರಿನ ಮೇಲೆ ಒಂದು ಗೇಣು

ಷಡ್ಡಕನಿಗೂ ನನಗೂ ಮೊದಲಿನಿಂದ ಅಷ್ಟಕ್ಕಷ್ಟೆ. ನನ್ನ ಹೆಂಡತಿಯ ತಂಗಿಯನ್ನು ಕಟ್ಟಿಕೊಂಡವನು ಅವನು. ಕಲ್ಲು ಮಣ್ಣು ಸಾಗಿಸುವ ವ್ಯಾಪಾರ, ಹಾಗಾಗಿ ಎಲ್ಲರ ಬಾಯಲ್ಲೂ ಅವನ ಹೆಸರು ಜಲ್ಲಿ. ನಮ್ಮ ಬೀದಿಯ ಹಿಂದಿನ ಜೌಗನ್ನು ಒಂದೊಂದೇ ಮೂಲೆಯಿಂದ ತುಂಬುತ್ತ ಬಂದ. ಒಡೆದ ಮನೆಗಳ ಗೋಡೆ, ಕಕ್ಕಸಿನ ಪಿಂಗಾಣಿ, ಕಿಟಕಿ ಗಾಜು, ಎಲ್ಲ ಅಲ್ಲಿಗೇ. ನಮ್ಮಪ್ಪನ ಕಾಲದಲ್ಲಿ ಜೊಂಡು ಆಚೆ ದಡದವರೆಗೂ ಇತ್ತು. ಸಂಜೆ ಹಕ್ಕಿ ಇಳಿಯುವಾಗ ಪಕ್ಕದಲ್ಲಿದ್ದವರ ಮಾತೂ ಕೇಳಿಸುತ್ತಿರಲಿಲ್ಲ. ಈಗ ಉಳಿದದ್ದು ನಮ್ಮ ಹಿತ್ತಿಲ ಹಿಂದಿನ ಒಂದು ಪಟ್ಟಿ ಮಾತ್ರ. ನಾನು ಕೊಯ್ಯುವುದು, ಹೆಂಡತಿ ಚಾಪೆ ನೇಯುವುದು, ಎಲ್ಲ ಅದರಿಂದಲೇ. ನೆಲೆ ತಪ್ಪಿದ ನೀರುಕೋಳಿಗಳೂ ಅದರೊಳಗೇ ಬಂದು ಸೇರಿದ್ದವು.

ಜೊಂಡು, ಗೂಡು ಇರುವ ಕಡೆ ತುಂಬಿಸಲು ಅಪ್ಪಣೆ ಇಲ್ಲ. ನೋಡಿಹೋಗಲು ಸರ್ಕಾರದ ಸಾಹೇಬರು ಬರುತ್ತಾರೆಂದು ಜಲ್ಲಿಗೆ ಸುದ್ದಿ ಸಿಕ್ಕಿತು. ಅಷ್ಟರಲ್ಲಿ ಅಲ್ಲಿ ಬರೀ ನೀರು ಕಾಣಬೇಕು. ಕೊಯ್ಯಲು ನನ್ನ ಮಗನನ್ನೇ ಕಳಿಸಿದ. ಮಗ ಓಡಿಸುವುದು ಅವನ ಲಾರಿ.

ಮಗ ನಮ್ಮ ಬೀದಿಯ ಕೊಯ್ಲಿನವರನ್ನೇ ಕರೆದುಕೊಂಡು ಇಳಿದ. ಗೂಡುಗಳೆಲ್ಲ ಹೋದವು. ಆದರೆ ಚಾಪೆಗೆ ಕೊಯ್ಯುವವರು ಕುಡುಗೋಲನ್ನು ನೀರಿಗೆ ತಾಗಿಸುವುದಿಲ್ಲ, ಒಂದು ಗೇಣು ಮೇಲೆಯೇ ಕೊಯ್ಯುತ್ತಾರೆ. ಕೊಯ್ದುಳಿದ ಕೂಳೆಯೊಳಗೆ ನೀರು ನುಗ್ಗಿದರೆ ಬೇರು ಕೊಳೆಯುತ್ತದೆ. ಸಾಯಿಸಲೆಂದೇ ಇಳಿದಿದ್ದರೂ ಅವರ ಕೈಗಳು ತಾವಾಗಿ ಒಂದು ಗೇಣು ಬಿಟ್ಟವು. ಹಿತ್ತಿಲಲ್ಲಿ ಕುಳಿತು ನೋಡುತ್ತಿದ್ದ ನಾನು ತುಟಿ ಬಿಚ್ಚಲಿಲ್ಲ.

ಸಾಹೇಬರು ಬರುವ ಮೊದಲೇ ಜೊಂಡು ಮತ್ತೆ ಚಿಗುರಿತು. ನೀರುಕೋಳಿಗಳು ಮರಳಿ ಬಂದು ಅದನ್ನೇ ಮಡಚಿ ಗೂಡು ಮಾಡಿ ಮೊಟ್ಟೆಗೆ ಕೂತವು.

ಜಲ್ಲಿ ಚಪ್ಪಲಿ ಕೂಡ ಬಿಡದೆ ಒಳಗೆ ನುಗ್ಗಿದ.

“ಏನೋ, ತಲೆ ತೆಗಿ ಅಂದ್ರೆ ಕ್ಷೌರ ಮಾಡಿ ಬಂದಿದ್ದೀಯಾ? ಎಣ್ಣೆನೂ ಹಚ್ಚಿ ಬರಬೇಕಿತ್ತು!”

“ಎಲ್ಲರೂ ಕೊಯ್ಯೋ ಹಾಗೇ ಕೊಯ್ದ್ವಿ, ಚಿಕ್ಕಪ್ಪ,” ಎಂದ ಮಗ.

“ನಿಮ್ಮಪ್ಪಂದೇ ಕಿತಾಪತಿ. ನೋಡು, ಬಾಯಿಗೆ ಬೀಗ ಜಡ್ಕೊಂಡು ಹೇಗೆ ಕೂತಿದ್ದಾನೆ! ಅಣ್ಣ, ನಿಜ ಹೇಳು, ಈ ಹಾಳು ಹುಲ್ಲು ಸಾಯೋದು ಹೇಗೆ?”

“ನೀನು ಕಾಲಿಟ್ಟ ಕಡೆ ಎಲ್ಲಾ ಸಾಯುತ್ತೆ. ಹೋಗಿ ಕಾಲಿಡು,” ಎಂದೆ.

“ಹೌದಾ? ಹಾಗಿದ್ರೆ ಲಾರಿ ಕೀ ಇಲ್ಲಿಡು ಅಂತ ನಿನ್ನ ಮಗನಿಗೆ ಹೇಳು. ಅಪ್ಪ ಮಗ ಇಬ್ರೂ ಹೋಗಿ ಮೊಟ್ಟೆಗೆ ಕಾವು ಕೊಡಿ!”

ಮಗ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಾಯಿ ಬಿಟ್ಟಳು.

“ಕುಡುಗೋಲು ನೀರೊಳಗೆ ಹಾಕಬೇಕು. ಕೂಳೆ ಮುಳುಗಿದ್ರೆ ಮತ್ತೆ ಏಳಲ್ಲ.”

“ನಿನ್ನ ಬಾಯಿಗೆ ಮಣ್ಣು ಹಾಕ!” ಎಂದೆ. ಮದುವೆಯಾದಾಗಿನಿಂದ ಅವಳಿಗೆ ಅಂಥ ಮಾತು ಆಡಿದವನಲ್ಲ.

“ಮಣ್ಣು ಬೀಳ್ತಿದ್ದದ್ದು ನನ್ನ ಬಾಯಿಗಲ್ಲ, ಮಗನ ಬಾಯಿಗೆ. ಹಕ್ಕಿಗೆ ರೆಕ್ಕೆ ಇದೆ, ಎಲ್ಲಾದ್ರೂ ಹೋಗುತ್ತೆ. ಇವನೆಲ್ಲಿಗೆ ಹೋಗ್ಬೇಕು?”

“ಈ ಮನೇಲಿ ಬುದ್ಧಿ ಇರೋದು ನಮ್ಮ ಅತ್ತಿಗೆಗೆ ಮಾತ್ರ,” ಎಂದು ಜಲ್ಲಿ ನಗುತ್ತ ಹೋದ.

ಮರುದಿನ ಮೊಳಕೈ ಮುಳುಗಿಸಿ ಕೊಯ್ದರು. ಕೂಳೆಗಳಿಂದ ಗುಳ್ಳೆ ಎದ್ದವು. ಬುಡ ತಪ್ಪಿದ ಒಂದು ಗೂಡು ತೇಲತೊಡಗಿತು. ನೀರುಕೋಳಿ ಮೊಟ್ಟೆಗಳನ್ನು ಬಿಟ್ಟು ಏಳದೆ, ಗೂಡಿನ ಜೊತೆ ತಾನೂ ಸುತ್ತುತ್ತ ಕಲ್ಲಿನ ರಾಶಿಯ ಕಡೆ ಹೋಯಿತು. ಅಲ್ಲಿ ಕಾಗೆಗಳು ಕಾದಿದ್ದವು. ಮಗ ಆ ಕಡೆ ತಿರುಗಲಿಲ್ಲ. ಸಾಹೇಬರು ಬಂದರು, ಬರೀ ನೀರು ಕಂಡರು, ಬೂಟಿನ ಕೆಸರು ಒರೆಸಿಕೊಂಡು ಹೋದರು. ಮೊದಲ ಲೋಡನ್ನು ಮಗನೇ ಸುರಿದ.

ಹೆಂಡತಿಯ ಮಗ್ಗದಲ್ಲಿ ಚಾಪೆ ಅರ್ಧಕ್ಕೆ ನಿಂತಿತ್ತು.

“ಜೊಂಡು ಎಲ್ಲಿಂದ ತರ್ತೀಯೇ?” ಎಂದೆ. “ತಂಗಿ ಗಂಡನ್ನ ಕೇಳು, ಕಲ್ಲುಪುಡಿ ಕೊಡ್ತಾನೆ, ನೇಯಿ.”

ಅವಳು ನೇಯ್ದಷ್ಟನ್ನೇ ಕತ್ತರಿಸಿ, ಅಂಚು ಮಡಚಿ ಕಟ್ಟಿದಳು.

“ಮಗನ ಲಾರಿ ಸೀಟಿಗೆ ಆಗುತ್ತೆ,” ಎಂದು ಅದನ್ನು ಬಾಗಿಲ ಬಳಿ ಇಟ್ಟಳು.