ಎರಡನೇ ಕೇಬಲ್

ಹೆಂಡತಿಯ ತಮ್ಮನಿಗೆ ಕೆಲಸ ಕೊಡಿಸಿದ್ದೇ ತಾನು ಎಂದು ಭಾವ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದು ಮೊದಲ ವರ್ಷ ಮಾತ್ರ. ಆಮೇಲೆ ಆ ಮಾತು ನಿಂತಿತು. ಭಾಮೈದ ಚುರುಕಾಗಿದ್ದ. ಚುರುಕಾಗಿದ್ದರೆ ಇರಲಿ, ಮಾಲೀಕರ ಕಣ್ಣಿಗೂ ಬಿದ್ದುಬಿಟ್ಟಿದ್ದ. ಸರ್ವರ್ ಕೋಣೆಯಲ್ಲಿ ಏನೇ ಕೆಟ್ಟರೂ ಮಾಲೀಕರು ಈಗ ಭಾವನನ್ನು ದಾಟಿಕೊಂಡು ಹೋಗಿ ಭಾಮೈದನ ಕುರ್ಚಿಯ ಪಕ್ಕ ನಿಲ್ಲುತ್ತಿದ್ದರು. ಪಕ್ಕದ ಕಟ್ಟಡದಲ್ಲಿ ಇನ್ನೊಂದು ಸರ್ವರ್ ಕೋಣೆ ಏಳುತ್ತಿತ್ತು. ಎರಡಕ್ಕೂ ಸೇರಿ ಒಬ್ಬನೇ ಮುಖ್ಯಸ್ಥ ಎಂದಿದ್ದರು, ಯಾರೆಂದು ಬಾಯಿ ಬಿಟ್ಟಿರಲಿಲ್ಲ. ಆ ಕೋಣೆಯ ಕೊರೆಯುವ ಗಾಳಿಯಲ್ಲೇ ಅರ್ಧ ಆಯುಸ್ಸು ಕಳೆದು ಮಂಡಿನೋವು ಸಂಪಾದಿಸಿದ್ದ ಭಾವನಿಗೆ ಆ ಕುರ್ಚಿ ತಪ್ಪಿದರೆ, ನಾಳೆಯಿಂದ ಹೆಂಡತಿಯ ತಮ್ಮನ ಮುಂದೆ ನಿಂತು ರಜೆ ಕೇಳಬೇಕಿತ್ತು. ಅದನ್ನು ನೆನೆದರೇ ಅವನಿಗೆ ಊಟ ಸೇರುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ರಕ್ತನಿಧಿಯವರ ದೂರು ಬಂತು. ಯಾವ ಆಸ್ಪತ್ರೆಗೆ ಯಾವ ಗುಂಪಿನ ರಕ್ತ ಬೇಕು ಎಂಬ ಸಂದೇಶಗಳೆಲ್ಲ ಇವರ ಕಂಪನಿಯಲ್ಲಿದ್ದ ಒಂದು ವರ್ಚುವಲ್ ಮಷೀನಿನ ಮೂಲಕವೇ ಓಡಾಡುತ್ತಿದ್ದವು. ಕೆಲವು ಆಸ್ಪತ್ರೆಗಳಿಗೆ ಉತ್ತರ ಥಟ್ಟನೆ ಹೋಗುತ್ತಿತ್ತು, ಕೆಲವಕ್ಕೆ ದಾರಿಯಲ್ಲೇ ಮಾಯವಾಗುತ್ತಿತ್ತು. ಇದು ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಕೆಲಸವನ್ನು ಮಾಲೀಕರು ಎಲ್ಲರ ಎದುರೂ ಭಾಮೈದನಿಗೆ ಒಪ್ಪಿಸಿದರು. ಭಾವನಿಗೆ, ಜೊತೆಗಿರಿ ಸಾಕು ಎಂದರು.

ಈ ವರ್ಚುವಲ್ ಮಷೀನು ಅನ್ನುವುದು ಮೈಯಿಲ್ಲದ ಜೀವ. ಒಂದೊಂದು ಅಸಲಿ ಸರ್ವರಿನ ಹೊಟ್ಟೆಯಲ್ಲಿ ಇಂಥವು ಹತ್ತಾರು ಬಾಡಿಗೆಗೆ ಇರುತ್ತವೆ. ಬಾಡಿಗೆಯವನು ಬರೆದ ಕಾಗದವನ್ನು ಮನೆಯೊಡೆಯ ತನ್ನ ಲಕೋಟೆಗೆ ತುರುಕಿ, ಮೇಲೆ ತನ್ನದೇ ವಿಳಾಸ ಬರೆದು ಹೊರಗೆ ಕಳಿಸುತ್ತಾನೆ. ಬೀದಿಯಲ್ಲಿ ನಿಂತವನಿಗೆ ಕಾಣುವುದು ಒಡೆಯನ ಹೆಸರೊಂದೇ. ಒಳಗಿನ ಕಾಗದ ಯಾರದು, ಅದು ಯಾವ ಬಾಗಿಲಿನಿಂದ ಆಚೆ ಹೋಯಿತು ಅನ್ನುವುದು ತಿಳಿಯಬೇಕಾದರೆ ಒಂದೊಂದೇ ಲಕೋಟೆ ಬಿಚ್ಚಿ ನೋಡಬೇಕು. ಭಾಮೈದ ಬೆಳಗಿನಿಂದ ಅದನ್ನೇ ಮಾಡಿದ. ರಕ್ತನಿಧಿಯ ಮಷೀನು ಯಾವ ಸರ್ವರಿನಲ್ಲಿದೆ ಎಂದು ಹಿಡಿದ, ಅದರ ಲಕೋಟೆಯ ಗುರುತು ಹಿಡಿದ, ಕೊನೆಗೆ ಸರ್ವರುಗಳನ್ನು ಜೋಡಿಸಿಟ್ಟ ರ್‍ಯಾಕಿನ ಹಿಂದೆ ಬಂದು, ಅದರ ಹಿಂಬಾಗಿಲು ತೆರೆದು ಬಗ್ಗಿದ. ಸರ್ವರಿನ ಬೆನ್ನಿನಿಂದ ಎರಡು ಫೈಬರ್ ಕೇಬಲ್ ಹೊರಟಿದ್ದವು. ಟಾರ್ಚ್ ಹಿಡಿದು ನಿಂತಿದ್ದವನು ಭಾವ.

ಟಾರ್ಚ್ ಹಿಡಿದವನಿಗೇ ಮೊದಲು ಕಂಡಿತು. ಎರಡನೇ ಕೇಬಲ್ ರ್‍ಯಾಕಿನ ಬಾಗಿಲಿನ ಕೀಲಿನ ಹತ್ತಿರ ನಜ್ಜುಗುಜ್ಜಾಗಿತ್ತು. ಹಿಂದಿನ ವಾರ ಊಟಕ್ಕೆ ಹೊತ್ತಾಯಿತೆಂದು ಆ ಬಾಗಿಲನ್ನು ದಢಾರನೆ ಹಾಕಿದ್ದು ತಾನೇ ಎಂದು ಅವನಿಗೆ ನೆನಪಾಯಿತು. ಬದಲಾಯಿಸಲು ಐದು ನಿಮಿಷ ಸಾಕಿತ್ತು. ಬೀರುವಿನಲ್ಲಿ ಹೊಸ ಕೇಬಲ್ ಬೇಕಾದಷ್ಟಿತ್ತು. ಭಾವ ಟಾರ್ಚನ್ನು ಮೆಲ್ಲಗೆ ಮೊದಲನೆಯದರ ಕಡೆ ತಿರುಗಿಸಿದ.

"ಭಾವ, ಎರಡಕ್ಕೂ ಕಿವಿಯಿಟ್ಟು ಏನೇನು ಹೋಗ್ತಿದೆ ಅಂತ ಕೇಳ್ಬೇಕಲ್ವಾ?" ಎಂದ ಭಾಮೈದ.

"ಬೇಡ. ಈ ಸರ್ವರ್ ಕಟ್ಟಿದ್ದು ನಾನು. ಎರಡನೇದು ಸುಮ್ನೆ ಕೂತಿರತ್ತೆ. ಮೊದಲನೇದು ಸತ್ರೆ ಮಾತ್ರ ಎದ್ದೇಳತ್ತೆ."

ಹಾಗೆ ಕಟ್ಟುವ ಜೋಡಿಗಳೂ ಉಂಟು, ಅದಕ್ಕೇ ಈ ಸುಳ್ಳು ಸುಲಭವಾಗಿ ಇಳಿಯಿತು. ಈ ಜೋಡಿ ಮಾತ್ರ ಅಂಥದ್ದಲ್ಲ. ಇಲ್ಲಿ ಎರಡೂ ದುಡಿಯುತ್ತಿದ್ದವು. ಒಂದು ಆಸ್ಪತ್ರೆಯ ಮಾತುಕತೆ ಯಾವ ಕೇಬಲ್ ಹಿಡಿಯಿತೋ ಕೊನೆತನಕ ಅದರಲ್ಲೇ ಹೋಗುತ್ತಿತ್ತು. ಮೊದಲನೆಯದಕ್ಕೆ ಬಿದ್ದವರು ಬದುಕಿದರು, ಎರಡನೆಯದಕ್ಕೆ ಬಿದ್ದವರು ಕೆಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅಲ್ಲ ಭಾಮೈದ. ಬೇರೆ ಯಾರು ಹೇಳಿದ್ದರೂ ಒಮ್ಮೆ ಕಿವಿಯಿಟ್ಟು ನೋಡುತ್ತಿದ್ದ. ಆದರೆ ಹೇಳಿದವನು ಅಪ್ಪ ಅಮ್ಮ ಇಲ್ಲದ ತನ್ನನ್ನು ಅಕ್ಕನ ಜೊತೆಗೇ ಮನೆಗೆ ಕರೆತಂದು ಅನ್ನ ಹಾಕಿದ ಭಾವ, ಮೊಟ್ಟಮೊದಲು ಕೇಬಲ್ ಕೈಗೆ ಕೊಟ್ಟು ಕೆಲಸ ಕಲಿಸಿದವನು. ಭಾಮೈದ ಮೊದಲನೆಯದಕ್ಕೆ ಮಾತ್ರ ಕಿವಿಯಿಟ್ಟ. ಒಂದು ಲಕೋಟೆಯೂ ದಾರಿಯಲ್ಲಿ ಬಿದ್ದುಹೋಗಿರಲಿಲ್ಲ. ನಮ್ಮ ತಂತಿಗಳು ಶುದ್ಧವಾಗಿವೆ, ದೋಷ ನಿಮ್ಮ ಪ್ರೋಗ್ರಾಮಿನಲ್ಲೇ ಇರಬೇಕು ಎಂದು ರಕ್ತನಿಧಿಗೆ ಬರೆದು ಕೆಳಗೆ ತನ್ನ ಹೆಸರು ಹಾಕಿದ. ಇನ್ನೂ ಸ್ವಲ್ಪ ಖಾರವಾಗಿ ಬರಿ ಎಂದು ಭಾವ ಬೆನ್ನು ತಟ್ಟಿದ.

ಖಾರ ಹತ್ತಬೇಕಾದಲ್ಲೇ ಹತ್ತಿತು. ರಕ್ತನಿಧಿಯ ಎಂಜಿನಿಯರಮ್ಮ ಖುದ್ದಾಗಿ ಬಂದರು. ದನಿ ಏರಿಸುವ ಹೆಂಗಸಲ್ಲ. ಮಾಲೀಕರ ಕೋಣೆಯಲ್ಲಿ ಕೂತು, ಯಾವ ಯಾವ ಆಸ್ಪತ್ರೆಯ ಸಂದೇಶ ಹೇಗೆ ಬಿದ್ದುಹೋಯಿತು ಎಂದು ತಣ್ಣಗೆ ತೋರಿಸಿ, ಎರಡನೇ ಕೇಬಲ್ ನೋಡಿದಿರಾ ಎಂದು ಕೇಳಿದರು. ಭಾಮೈದ ಭಾವನ ಮುಖ ನೋಡಿದ. ಮಾಲೀಕರೂ ನೋಡಿದರು.

"ಜೋಡಿ ಕೇಬಲ್ ಇದ್ರೆ ಎರಡನ್ನೂ ಕೇಳ್ಬೇಕು. ನಾನು ಇವನಿಗೆ ಹೇಳಿಕೊಟ್ಟ ಮೊದಲನೇ ಪಾಠವೇ ಅದು" ಎಂದ ಭಾವ.

ಎಲ್ಲರೂ ಎದ್ದು ರ್‍ಯಾಕಿನ ಹಿಂದೆ ಹೋದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ, ನಜ್ಜಿದ ಕೇಬಲ್ ಎದುರಿಗೇ ಇತ್ತು. ಈ ಬಾಗಿಲು ಹಾಕಿದವರು ಯಾರು ಎಂದು ಮಾಲೀಕರು ಗುಡುಗಿದರು. ಹೋದ ವಾರ ಇವನು ಈ ಸಾಲಿನಲ್ಲೇ ಕೆಲಸ ಮಾಡುತ್ತಿದ್ದ ಎಂದು ಭಾವ ಬೇಸರದ ಮುಖ ಮಾಡಿದ. ಅದು ಸುಳ್ಳೂ ಅಲ್ಲ. ಭಾಮೈದ ನಜ್ಜಿದ ಜಾಗವನ್ನೂ ಬಾಗಿಲನ್ನೂ ನೋಡಿ, ಆಮೇಲೆ ಭಾವನನ್ನು ನೋಡಿದ. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು. ನಿನ್ನೆಯವರೆಗೆ ಅವನ ಜೊತೆ ಟೀ ಕುಡಿದವರು, ಇವನದು ಮೊದಲಿಂದಲೂ ಅವಸರ ಎಂದರು, ಹೊಗಳಿಕೆ ತಲೆಗೇರಿತ್ತು ಎಂದರು.

ಮಧ್ಯಾಹ್ನದೊಳಗೆ ಅವನ ಕೆಲಸ ಹೋಯಿತು. ಪಾಸನ್ನು ಭಾವನೇ ಕೇಳಿ ತೆಗೆದುಕೊಂಡ. ಹೋಗುವವರ ಪಾಸನ್ನು ಕತ್ತರಿಸಬೇಕೆಂಬುದು ನಿಯಮ. ಅವರ ಕಣ್ಣೆದುರೇ ಕತ್ತರಿಸಬೇಕೆಂದು ನಿಯಮದಲ್ಲಿ ಇರಲಿಲ್ಲ. ಭಾವ ಕತ್ತರಿ ತರಿಸಿ, ಫೋಟೋದ ಮೂಗಿನ ಮೇಲೆ ಸರಿಯಾಗಿ ಇಟ್ಟು ಕತ್ತರಿಸಿದ. ಸಂಜೆಗೆ ಎರಡೂ ಕೋಣೆಗಳ ಮುಖ್ಯಸ್ಥನ ಹೆಸರನ್ನು ಮಾಲೀಕರು ಹೇಳಿದರು. ಭಾವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮನೆಯಲ್ಲಿ ಹೆಂಡತಿಗೆ, ನಾನು ಕೈಲಾದಷ್ಟು ಹೇಳಿ ನೋಡಿದೆ, ಅವರು ಒಪ್ಪಲಿಲ್ಲ ಎಂದ. ಅವಳು ಊಟಕ್ಕೆ ಬಡಿಸಿ, ಅಲ್ಲೇ ನಿಂತು ತಮ್ಮನಿಗೆ ಫೋನ್ ಮಾಡಿದಳು. ಸಾಕಿದ ಕೈಯ ಸಿಟ್ಟು ಅದು, ಅಷ್ಟು ಬೇಗ ಆರುವಂಥದ್ದಲ್ಲ.

"ಅವರ ಮುಖಕ್ಕೆ ಮಸಿ ಬಳಿದ್ಯಲ್ಲೋ. ನಿನಗೆ ಅನ್ನ ಹಾಕಿದ ಮನುಷ್ಯ ಅವರು. ಇನ್ಮೇಲೆ ಈ ಮನೆ ಹೊಸಿಲು ತುಳೀಬೇಡ."

ಭಾವ ಉಣ್ಣುತ್ತ ಕೇಳಿಸಿಕೊಂಡ. ಒಂದೇ ಒಂದು ಮಾತು ಸಾಕಿತ್ತು, ಬಿಡು, ಅವನದೊಬ್ಬನದೇ ತಪ್ಪಲ್ಲ ಎಂದಿದ್ದರೂ ಆಗುತ್ತಿತ್ತು. ಹೆಂಡತಿ ಅಳುತ್ತ ಮಾತು ನಿಲ್ಲಿಸಿದಾಗ, ಇನ್ನೂ ಸ್ವಲ್ಪ ಬಿಗಿಯಾಗಿ ಹೇಳು, ಬುದ್ಧಿ ಬರಲಿ ಎಂದ. ಅವಳು ನೀವೇ ಹೇಳಿ ಎಂದು ಫೋನನ್ನು ಅವನ ಎಡಗೈಗೆ ಕೊಟ್ಟು ಸಾರು ತರಲು ಒಳಗೆ ಹೋದಳು.

"ಭಾವ," ಎಂದ ಭಾಮೈದ. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಬಾಗಿಲು ದಢಾರ್ ಅಂತ ಹಾಕಿದ್ದು ನೀವು. ಅದೇ ಸಾಲಿನ ಆ ತುದೀಲಿ ಇದ್ದೆ ನಾನು, ಇವತ್ತು ಆ ಕೇಬಲ್ ನೋಡಿದ್ಮೇಲೆ ಅರ್ಥ ಆಯ್ತು. ಅಕ್ಕನಿಗೆ ಹೇಳಲ್ಲ, ಹೆದರ್ಬೇಡಿ. ಅವಳು ಬಾಳ್ಬೇಕಾಗಿರೋದು ನಿಮ್ಮ ಜೊತೆ."

ಭಾವ ಪೂರ್ತಿ ಕೇಳಿದ. ಎಡಗೈಯಿಂದ ಫೋನ್ ಆರಿಸಿದ.

"ಏನಂದ?" ಎಂದಳು ವಾಪಸು ಬಂದ ಹೆಂಡತಿ.

"ಕ್ಷಮಿಸಿ ಅಂದ."

"ನೀವೇನಂದ್ರಿ?"

"ನೋಡೋಣ ಅಂದೆ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಿಮ್ಮಂಥ ಭಾವ ಸಿಗೋಕೆ ಅವನು ಪುಣ್ಯ ಮಾಡಿದ್ದ ಎಂದು ಅನ್ನದ ಪಾತ್ರೆ ಎತ್ತಿಕೊಂಡಳು. ಭಾವ ತಟ್ಟೆಯನ್ನು ಮುಂದೆ ಸರಿಸಿದ.