ಜಾಮೀನು ಕಾಫಿ

ನಮ್ಮೂರ ಸಹಕಾರಿ ಸೊಸೈಟಿಯಲ್ಲಿ ಯಾರೂ ಸುಮ್ಮಸುಮ್ಮನೆ ಕಾಫಿ ಕುಡಿಯುವುದಿಲ್ಲ. ಬಣಕಲ್ ದಾಟಿ ಒಳರಸ್ತೆಗೆ ತಿರುಗಿದರೆ ಕಣ್ಣು ಹೋದಷ್ಟೂ ಕಾಫಿ ಗಿಡವೇ. ಸೊಸೈಟಿಯ ಸದಸ್ಯರೆಲ್ಲ ಒಂದೆಕರೆಯೋ ಎರಡೆಕರೆಯೋ ಕಾಫಿ ಇಟ್ಟುಕೊಂಡವರೇ. ರಸ್ತೆಯ ಈಚೆಗೆ ನನ್ನದೊಂದು ಹೋಟೆಲೂ ಇದೆ. ಇಷ್ಟೆಲ್ಲ ಇದ್ದೂ ಸೊಸೈಟಿಯೊಳಗೆ ಕೂತವರಿಗೆ ಕಾಫಿ ಬೇಕಾ ಅಂದರೆ ಕಂಬಳಿಹುಳ ಕಂಡವರ ಹಾಗೆ ಕುರ್ಚಿ ಹಿಂದಕ್ಕೆ ಸರಿಸುತ್ತಾರೆ.

ಅದಕ್ಕೊಂದು ಕಾರಣ ಇದೆ. ಸೊಸೈಟಿ ಶುರುವಾದ ಕಾಲದಲ್ಲಿ ಸಹಿ ಹಾಕೋಕೆ ಬರುವವರು ಕಡಿಮೆ. ಇನ್ನೊಬ್ಬರ ಸಾಲದ ಜಾಮೀನಿಗೆ ಹೆಬ್ಬೆಟ್ಟು ಒತ್ತಿದವನು ಆಮೇಲೆ, "ಇದು ನನ್ನ ಬೆರಳೇ ಅಲ್ಲ" ಅಂದುಬಿಡುತ್ತಿದ್ದ. ಆಗಿನ ಅಧ್ಯಕ್ಷರು ತಲೆ ಓಡಿಸಿ ಒಂದು ಪದ್ಧತಿ ಮಾಡಿದರು. ಸಾಲ ಕೇಳುವವನೂ ಜಾಮೀನು ನಿಲ್ಲುವವನೂ ಬಾಗಿಲ ಹತ್ತಿರದ ಮೇಜಿನಲ್ಲಿ ಎದುರುಬದುರು ಕೂರಬೇಕು. ಬಾಗಿಲು ತೆರೆದಿರಬೇಕು. ರಸ್ತೆಗೆ ಕಾಣುವ ಹಾಗೆ ಇಬ್ಬರೂ ಒಂದೊಂದು ಲೋಟ ಕಾಫಿ ಕುಡಿಯಬೇಕು. ಕಾಫಿಯ ದುಡ್ಡು ಸಾಲ ಕೇಳುವವನದು. ಊರು ನೋಡಿದ ಮೇಲೆ ಇಲ್ಲ ಅನ್ನೋದು ಹೇಗೆ?

ಈಗ ಎಲ್ಲರಿಗೂ ಸಹಿ ಬರುತ್ತದೆ. ಆಧಾರ್ ಬಂತು, ಬೆರಳಿಡುವ ಮಿಷನ್ ಬಂತು. ಕಾಫಿ ಮಾತ್ರ ಹೋಗಲಿಲ್ಲ. ಜಾಮೀನು ಕಾಫಿ ಇಲ್ಲದೆ ಆಡಳಿತ ಮಂಡಳಿಯವರು ಅರ್ಜಿಯನ್ನು ಮುಟ್ಟುವುದೂ ಇಲ್ಲ. ನಮ್ಮ ಅತ್ತೆಯ ಕಾಲದಿಂದ ಅದು ಹೋಗುವುದು ನಮ್ಮ ಹೋಟೆಲಿನಿಂದಲೇ. ನಾನು ಕೆಟ್ಲು ಹಿಡಿದು ರಸ್ತೆ ದಾಟಿದರೆ ಬಸ್ಸಿಗೆ ಕಾಯುವವರು ಕೂಡ ಕತ್ತು ಉದ್ದ ಮಾಡುತ್ತಾರೆ. "ಯಾರದು ಸಾವಿತ್ರಮ್ಮ? ಯಾರಿಗೆ?"

ಹೊಸ ಸೆಕ್ರೆಟರಿ ಅರ್ಚನಾಗೆ ಇದನ್ನು ಯಾರೂ ಹೇಳಿರಲಿಲ್ಲ. ಹಿರಿಯೂರು ಕಡೆಯ ಹುಡುಗಿ. ಮಂಡಳಿಯವರು ಸಿಬ್ಬಂದಿ ಹೇಳಿರುತ್ತಾರೆ ಅಂದುಕೊಂಡರು, ಸಿಬ್ಬಂದಿ ಮಂಡಳಿಯವರು ಹೇಳಿರುತ್ತಾರೆ ಅಂದುಕೊಂಡರು. ನಮ್ಮವರ ಲೆಕ್ಕದಲ್ಲಿ ಲೋಕದ ಎಲ್ಲ ಸೊಸೈಟಿಗಳಲ್ಲೂ ಹೀಗೇ. ಉಪ್ಪು ಉಪ್ಪಗಿರುತ್ತೆ ಅಂತ ಯಾರಾದರೂ ಬಿಡಿಸಿ ಹೇಳುತ್ತಾರಾ? ಆ ಹುಡುಗಿಗೋ ಟ್ರೇನಿಂಗಿನಲ್ಲಿ ಹೇಳಿ ಕಳಿಸಿದ್ದರು, ಸದಸ್ಯರು ಬಂದರೆ ನಗುಮುಖದಿಂದ ಮಾತಾಡಿಸಿ, ಕೂರಿಸಿ, ಕುಡಿಯೋಕೆ ಏನಾದರೂ ಕೊಡಿ ಅಂತ. ದಿನಾ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದಳಂತೆ. ಅವಳು ಬಂದ ಮೇಲೆ ಹೊಸ ಜಾಮೀನು ಒಂದೂ ಆಗಿರಲಿಲ್ಲ. ಹಾಗಾಗಿ ಕೆಟ್ಲು ರಸ್ತೆ ದಾಟಿದ್ದನ್ನು ಅವಳು ನೋಡಿಯೂ ಇರಲಿಲ್ಲ.

ಆಗಬೇಕಾಗಿದ್ದ ಜಾಮೀನು ಒಂದಿತ್ತು, ಅದು ರೇವತಿಯದು. ಮೇಸ್ತ್ರಿ ಭೂತಯ್ಯನ ಮಗಳು. ಎಸ್ಟೇಟಿನ ಪಿಕಪ್ ಓಡಿಸುತ್ತಿದ್ದಳು. ಬೆಳಗ್ಗೆ ಆಳುಗಳನ್ನು ಕರೆತರುವುದು, ಮಧ್ಯಾಹ್ನ ಗೊಬ್ಬರವೋ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯೋ ಸಾಗಿಸುವುದು. ಎಸ್ಟೇಟು ಕೈ ಬದಲಾಯಿತು. ಹೊಸಬರು ಹೊಸ ಗಾಡಿ ತಂದರು, ಜೊತೆಗೆ ಅವರದೇ ಡ್ರೈವರನ್ನೂ. ಹಳೇ ಪಿಕಪ್ಪನ್ನು ಮುಂದಿನ ತಿಂಗಳ ಕೊನೆಯೊಳಗೆ ದುಡ್ಡು ತಂದರೆ ನಿನಗೇ ಕೊಡ್ತೀವಿ, ಇಲ್ಲದಿದ್ದರೆ ಮೂಡಿಗೆರೆಯ ಪಾರ್ಟಿಗೆ ಅಂದರು. ಗಾಡಿ ಸಿಕ್ಕರೆ ಸುತ್ತಿನ ನಾಲ್ಕು ತೋಟದವರು ಆಳು ಸಾಗಿಸುವ ಕೆಲಸ ಅವಳಿಗೇ ಕೊಡುತ್ತೇವೆ ಅಂದಿದ್ದರು. ಸಿಗದಿದ್ದರೆ ಬುಟ್ಟಿ ಕಟ್ಟಿಕೊಂಡು ಅದೇ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಯಬೇಕು.

ವಾಹನ ಸಾಲಕ್ಕೆ ಎರಡು ಜಾಮೀನು. ಒಂದು ನಾನೇ. ಹಿಂದಿನ ಸೆಕ್ರೆಟರಿ ಇದ್ದಾಗಲೇ ನನ್ನ ಕಾಫಿ ನಾನೇ ಕಾಸಿ, ನಾನೇ ಹೊತ್ತುಕೊಂಡು ಹೋಗಿ ಕುಡಿದು ಬಂದಿದ್ದೆ. ಎರಡನೆಯದಕ್ಕೆ ಅವಳು ಮನೆಮನೆ ತಿರುಗುತ್ತಿದ್ದಳು. ಗ್ಯಾರೇಜಿನ ಕಲ್ಲೇಶ್ ಮಾತ್ರ, "ನೋಡೋಣ ಮಾರಾಯ್ತಿ, ಸೋಮವಾರ ಹೇಳ್ತೀನಿ" ಅಂದಿದ್ದ. ಅವನ 'ನೋಡೋಣ'ದಲ್ಲಿ ಸ್ವಲ್ಪ ಜೀವ ಇತ್ತು.

ಆ ಶುಕ್ರವಾರ ನಾನು ಖಾತೆಗೆ ದುಡ್ಡು ಕಟ್ಟೋಕೆ ಸೊಸೈಟಿಗೆ ಹೋಗಿದ್ದೆ. ಬಸವರಾಜಪ್ಪನವರು ಬಾಗಿಲ ಹತ್ತಿರದ ಮೇಜಿನಲ್ಲಿ ಕೂತು ಕಾಳುಮೆಣಸಿನ ಅಡಮಾನ ಸಾಲಕ್ಕೆ ಈ ಸಲ ಬಡ್ಡಿ ಎಷ್ಟು ಅಂತ ವಿಚಾರಿಸುತ್ತಿದ್ದರು. ಅವರು ಯಾರಿಗೂ ಜಾಮೀನು ನಿಲ್ಲದವರು ಅಂತಲೇ ಹೆಸರು. ಹಿಂದೊಮ್ಮೆ ಕಳಸದ ಕಡೆಯವನೊಬ್ಬನಿಗೆ ಕುಡಿದು, ಅವನು ಊರು ಬಿಟ್ಟು, ಇವರ ಒಂದು ವರ್ಷದ ಮೆಣಸು ಅವನ ಸಾಲಕ್ಕೆ ಹೋಗಿತ್ತು. ಆವತ್ತಿನಿಂದ ಸೊಸೈಟಿಯಲ್ಲಿ, "ನನಗೆ ಕಾಫಿ ಆಗಲ್ಲ, ಪಿತ್ತ" ಅನ್ನುತ್ತಾರೆ. ರಸ್ತೆ ದಾಟಿ ನನ್ನ ಹೋಟೆಲಿಗೆ ಬಂದು ಎರಡು ಲೋಟ ಕುಡಿಯುತ್ತಾರೆ.

ಅರ್ಚನಾ ಫ್ಲಾಸ್ಕಿನಿಂದ ಬಗ್ಗಿಸಿ ಲೋಟ ಮುಂದಿಟ್ಟಳು.

"ಬೇಡಮ್ಮ, ಪಿತ್ತ," ಅಂದರು ಬಸವರಾಜಪ್ಪನವರು.

ಅವಳು ಲೋಟ ತೆಗೆಯಲಿಲ್ಲ. ಕಾಗದ ಜೋಡಿಸುತ್ತಾ, ಅವರಿಗಲ್ಲ, ನನಗೆ ಹೇಳುವ ಹಾಗೆ ಹೇಳಿದಳು. "ನಾನು ಬಂದು ತಿಂಗಳಾಯ್ತು ಅಕ್ಕ. ಒಬ್ಬರೂ ನನ್ನ ಕೈಯಿಂದ ಕಾಫಿ ಕುಡಿದಿಲ್ಲ. ಒಬ್ಬರಿಗೆ ಪಿತ್ತ, ಒಬ್ಬರಿಗೆ ಉಪವಾಸ, ಒಬ್ಬರಿಗೆ ಈಗಷ್ಟೇ ಆಯ್ತು. ನಾವು ಯಾವ ಜನ ಅಂತ ಮೊದಲೇ ವಿಚಾರಿಸಿಕೊಂಡಿರ್ತಾರೆ ಅಲ್ವಾ. ನಮ್ಮೂರಲ್ಲೂ ಹೀಗೇ. ಇಲ್ಲಿ ಬೇರೆ ಇರತ್ತೆ ಅಂದ್ಕೊಂಡಿದ್ದೆ."

ಅಳಲಿಲ್ಲ, ಏನಿಲ್ಲ. ಮಳೆ ನಿಂತಿತಾ ಅಂತ ಕೇಳುವ ಧಾಟಿಯಲ್ಲಿ ಹೇಳಿದಳು. ಹಾಗಲ್ಲ ತಾಯಿ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಬಸವರಾಜಪ್ಪನವರ ಮುಖ ಕಪ್ಪಿಟ್ಟಿತು.

"ಛೆ, ಎಂತ ಮಾತು ಅಂತ ಆಡ್ತೀ," ಅಂದರು. ಎದುರಿನ ಕುರ್ಚಿ ಒಮ್ಮೆ ನೋಡಿಕೊಂಡರು. ಖಾಲಿ ಇತ್ತು. ಸಾಲ ಕೇಳುವವರು ಎದುರಿಗಿಲ್ಲದ ಮೇಲೆ ಕಾಫಿ ಬರೀ ಕಾಫಿ ತಾನೇ. ಲೋಟ ಎತ್ತಿ ಅರ್ಧ ಒಂದೇ ಗುಟುಕಿಗೆ ಕುಡಿದರು. "ಚೆನ್ನಾಗಿದೆ. ಚಿಕೋರಿ ಸ್ವಲ್ಪ ಜಾಸ್ತಿ."

ಆಗಲೇ ಒಳಗಿನ ಜೆರಾಕ್ಸ್ ಕೋಣೆಯಿಂದ ರೇವತಿ ಬಂದದ್ದು. ಕೈಯಲ್ಲಿ ಅರ್ಜಿ, ಗಾಡಿಯ ಕಾಗದ. ಬಂದು ಆ ಖಾಲಿ ಕುರ್ಚಿಯಲ್ಲಿ ಕೂತಳು. ಮೊದಲೂ ಅಲ್ಲೇ ಕೂತಿದ್ದಳು, ಅವಳ ಚೀಲ ಕುರ್ಚಿಯ ಕಾಲಿನ ಹತ್ತಿರವೇ ಇತ್ತು, ನಾವು ಯಾರೂ ನೋಡಿರಲಿಲ್ಲ. ಒಬ್ಬರಾದರೂ ಕುಡಿದರಲ್ಲ ಅನ್ನುವ ಖುಷಿಯಲ್ಲಿ ಅರ್ಚನಾ ಅವಳಿಗೂ ಒಂದು ಲೋಟ ಬಗ್ಗಿಸಿಟ್ಟಳು.

ರಸ್ತೆಯಲ್ಲಿ ಬಸ್ಸು ನಿಂತಿತ್ತು. ಬಸ್ಸಿನ ಪಕ್ಕ ಕಲ್ಲೇಶ್ ನಿಂತಿದ್ದ. "ಓಹೋ, ಸಾವ್ಕಾರ್ರು ರೇವತಿಗೆ ಕುಡಿದ್ರು," ಅಂದ. ಬಸವರಾಜಪ್ಪನವರು ಮೀಸೆ ಒರೆಸಿಕೊಳ್ಳುವಷ್ಟರಲ್ಲಿ ಸುದ್ದಿ ಬಸ್ಸು ಹತ್ತಿ ಬಣಕಲ್ಲಿಗೆ ಹೊರಟಾಗಿತ್ತು.

ಲೋಟ ಕೆಳಗಿಡೋಕೂ ಆಗದೆ ಎತ್ತೋಕೂ ಆಗದೆ ಅವರು ಹಾಗೇ ಹಿಡಿದುಕೊಂಡು ಕೂತರು. ರೇವತಿ ಅವರ ಲೋಟ ನೋಡಿದಳು, ತನ್ನ ಲೋಟ ನೋಡಿದಳು. ಎತ್ತಿ ಒಂದು ಗುಟುಕು ಕುಡಿದಿದ್ದರೆ ಗಾಡಿ ಅವಳದಾಗುತ್ತಿತ್ತು. ಊರೇ ಸಾಕ್ಷಿ. ನಾನು ಮನಸ್ಸಿನಲ್ಲೇ ಕುಡಿ ಮಾರಾಯ್ತಿ, ಕುಡಿ ಅಂದೆ.

ಅವಳು ಒಂದೇ ಬೆರಳಿನಿಂದ ಲೋಟವನ್ನು ಮೇಜಿನ ಆ ಕಡೆಗೆ ಸರಿಸಿದಳು. "ನನಗೆ ಬೇಡ ಮೇಡಂ. ಸಾವ್ಕಾರ್ರೇ, ನೀವು ಗೊತ್ತಿಲ್ದೆ ಕುಡಿದದ್ದು. ಲೆಕ್ಕಕ್ಕಿಲ್ಲ."

ಮೆಟ್ಟಿಲಿಗೆ ಹೋಗಿ ರಸ್ತೆಯವರಿಗೂ ಹೇಳಿದಳು. "ನಾನು ಕುಡಿದಿಲ್ಲ. ಅವರು ಜಾಮೀನಲ್ಲ."

ಆಮೇಲೆ ಅರ್ಚನಾಗೆ ನಾನು ಎಲ್ಲ ಬಿಡಿಸಿ ಹೇಳಿದೆ. ಅವಳು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಳು. "ಅಕ್ಕ, ಇಷ್ಟು ದಿನ ನಾನು ಕಂಡಕಂಡವರಿಗೆಲ್ಲ ಜಾಮೀನು ನಿಲ್ತೀರಾ ಅಂತ ಕೇಳಿದ ಹಾಗಾಯ್ತಲ್ಲ," ಅಂದಳು. ಬಸವರಾಜಪ್ಪನವರು ನಗಲೂ ಇಲ್ಲ. ಅರ್ಧ ಲೋಟ ಅಲ್ಲೇ ಬಿಟ್ಟು ಎದ್ದು ಹೋದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ರೇವತಿ ಹೇಳಿದ ಮಾತು ಬಜಾರಿನಲ್ಲಿ ಒಂದು ಸುತ್ತು ಬರುವಷ್ಟರಲ್ಲಿ ಅದರ ಮೂತಿಯೇ ಬದಲಾಗಿತ್ತು. ಅವಳು ಬೇಡ ಅಂದದ್ದು ಯಾರಿಗೂ ನೆನಪಿಲ್ಲ. ಬಸವರಾಜಪ್ಪನವರು ಅರ್ಧಕ್ಕೆ ಬಿಟ್ಟದ್ದು ಎಲ್ಲರಿಗೂ ನೆನಪು.

ಸೋಮವಾರ ಬೆಳಗ್ಗೆ ಬಸವರಾಜಪ್ಪನವರು ನನ್ನ ಹೋಟೆಲಿನ ಒಳಕೋಣೆಯಲ್ಲಿ ಕಡುಬು ತಿನ್ನುತ್ತಿದ್ದರು. ಹೊರಗಿನ ಬೆಂಚಿನಲ್ಲಿ ಕಲ್ಲೇಶ್, ಗೊಬ್ಬರದಂಗಡಿ ಶಶಿಧರ್.

"ರೇವತಿಗೆ ನೀನು ಕುಡೀತೀಯಾ ಹೇಗೆ?" ಅಂತ ಶಶಿಧರ್ ಕೇಳಿದ.

"ಕುಡಿಯೋಣ ಅಂತಲೇ ಇದ್ದೆ ಮಾರಾಯ. ಆದ್ರೆ ಬಸವರಾಜಪ್ಪನೋರಂಥವರು ಬಾಯಿಗಿಟ್ಟು ಅರ್ಧಕ್ಕೆ ಇಳಿಸ್ತಾರೆ ಅಂದ್ರೆ? ಅವರಿಗೆ ಎಂತದೋ ವಾಸನೆ ಹತ್ತಿರಬೇಕು."

"ಗಾಡಿಯ ಕಾಗದ ಸರಿ ಇಲ್ವಂತಲ್ಲ."

"ಕಾಗದ ಎಂತ, ಇಂಜಿನ್ನೇ ಹೋಗಿದ್ಯಂತೆ."

"ನಿನ್ನ ಗ್ಯಾರೇಜಿಗೇ ಬರೋ ಗಾಡಿ ಅಲ್ವನಾ ಅದು?"

"ಹೌದು. ನಾನು ನೋಡಿದಾಗ ಸರಿ ಇತ್ತು. ಆದ್ರೂ..."

ಒಳಗೆ ಕಡುಬು ತಿನ್ನುವ ಸದ್ದು ನಿಂತಿತು.

ಅದೇ ಹೊತ್ತಿಗೆ ರೇವತಿಯ ತಾಯಿ ಗಿಡ್ಡಮ್ಮ ಬನ್ನು ಕೊಳ್ಳೋಕೆ ಬಂದಳು. ಹೊರಗಿನವರ ಮಾತು ಅವಳ ಕಿವಿಗೂ ಬಿದ್ದಿತ್ತು. ಅವರನ್ನು ಮಾತಾಡಿಸಲಿಲ್ಲ. ಸೀದಾ ಒಳಕೋಣೆಯ ಬಾಗಿಲಿಗೆ ಹೋಗಿ ನಿಂತಳು.

"ಸಾವ್ಕಾರ್ರೇ, ಪೂರ್ತಿ ಕುಡಿದಿದ್ರೆ ಒಂದು. ಮುಟ್ಟದೇ ಇದ್ದಿದ್ರೆ ಇನ್ನೂ ಚಂದ. ನೀವು ಅರ್ಧ ಕುಡಿದ್ರಿ. ಉಳಿದ ಅರ್ಧ ನನ್ನ ಮಗಳ ತಲೆ ಮೇಲೆ ಬಿತ್ತು."

"ನಾನು ಎಂತ ಮಾಡ್ಲಿ ಗಿಡ್ಡಮ್ಮ? ಆ ಸೆಕ್ರೆಟರಿ ಹುಡುಗಿ ಬೇಜಾರು ಮಾಡ್ಕೊಂಡ್ಳು ಅಂತ ಕುಡಿದೆ."

"ಒಳ್ಳೇದೇ ಮಾಡಿದ್ರಿ. ನಮ್ಮ ಹುಡುಗಿ ನಿಮ್ಮ ಮರ್ಯಾದೆ ನೋಡಿ ಲೋಟ ಸರಿಸಿದ್ಳು. ಈಗ ಅವಳದ್ದು ಯಾರು ನೋಡ್ತಾರೆ ಹೇಳಿ." ಬನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟೇಹೋದಳು.

ಬಸವರಾಜಪ್ಪನವರು ಕೈತೊಳೆದು ಹೊರಗೆ ಬಂದರು. "ಕಲ್ಲೇಶ, ನನಗೆ ಯಾವ ವಾಸನೆಯೂ ಹತ್ತಿಲ್ಲ. ಆ ಹುಡುಗಿ ಮೇಲೆ ನನ್ನದು ಎಂತದೂ ದೂರಿಲ್ಲ. ನೀನು ಧೈರ್ಯವಾಗಿ ಕುಡಿ."

ಕಲ್ಲೇಶ್ ಎದ್ದು ನಿಂತು ಮರ್ಯಾದೆಯಿಂದಲೇ ಹೇಳಿದ. "ದೂರಿಲ್ಲ ಅಂದ್ರೆ ಉಳಿದ ಅರ್ಧ ನೀವೇ ಕುಡೀಬಹುದಿತ್ತಲ್ಲ ಸಾವ್ಕಾರ್ರೇ."

ಬಸವರಾಜಪ್ಪನವರು ಜೇಬಿಗೆ ಕೈ ಹಾಕಿದರು. ದುಡ್ಡು ಗಲ್ಲಾದ ಮೇಲಿಟ್ಟು ಹೋದರು. ಚಿಲ್ಲರೆ ತಗೊಳ್ಳೋಕೂ ಮರೆತರು. ಅವರು ಚಿಲ್ಲರೆ ಮರೆತದ್ದು ನಾನು ನೋಡಿದ್ದು ಅದೇ ಮೊದಲು.

ಮಾರನೇ ದಿನ ತಿಂಗಳ ಕೊನೆ. ಬೆಳಗ್ಗೆ ಮೊದಲ ಬಸ್ಸಿನಿಂದ ಬಸವರಾಜಪ್ಪನವರು ಗಂಡ ಹೆಂಡತಿ ಇಬ್ಬರೂ ಇಳಿದರು. ಅವರ ಮನೆಯವರು ಸಿದ್ದಗಂಗಮ್ಮನವರು ಪೇಟೆಗೆ ಬರುವುದೇ ಅಪರೂಪ.

"ನೀವು ಎಂತಕ್ಕೆ ಬಂದದ್ದು ಅಮ್ಮ?" ಅಂದೆ.

"ಇವರು ಪೂರ್ತಿ ಕುಡೀತಾರಾ ನೋಡೋಕೆ," ಅಂದರು. "ನಾಲ್ಕು ರಾತ್ರಿಯಿಂದ ಮಗ್ಗುಲು ಬದಲಾಯಿಸ್ತಾ ಇದ್ದಾರೆ. ಮೆಣಸು ಹೋದ ವರ್ಷವೂ ಇಷ್ಟು ಹೊರಳಾಡಿರಲಿಲ್ಲ. ಹೋದ್ರೆ ಇನ್ನೊಂದು ವರ್ಷದ ಮೆಣಸು ಹೋಗ್ಲಿ, ನನಗೆ ನಿದ್ದೆ ಬೇಕು."

ಬಸವರಾಜಪ್ಪನವರು ಕೆಮ್ಮಿದರು. "ಸೊಸೈಟಿಗೆ ಕಾಫಿ ಕಳಿಸಿ ಸಾವಿತ್ರಮ್ಮ. ರೇವತಿಗೆ ಫೋನ್ ಮಾಡಿ, ದುಡ್ಡು ತರೋಕೆ ಹೇಳಿ. ಕಾಫಿ ದುಡ್ಡು ಅವಳದೇ. ಪದ್ಧತಿ ಪದ್ಧತಿಯೇ."

ನಾನು ಕೆಟ್ಲು ಹಿಡಿದು ರಸ್ತೆ ದಾಟಿದಾಗ ಯಾರೂ ಯಾರದು ಯಾರಿಗೆ ಅಂತ ಕೇಳಲಿಲ್ಲ. ಶಶಿಧರ್ ಅಂಗಡಿ ಬಿಟ್ಟು ಬಂದು ಮೆಟ್ಟಿಲ ಹತ್ತಿರ ನಿಂತ. ಕಲ್ಲೇಶ್ ಗ್ರೀಸ್ ಕೈಯಲ್ಲೇ ಬಂದ. ರೇವತಿ ಓಡಿ ಬಂದವಳು ಏದುಸಿರು ಬಿಡುತ್ತಾ ಎದುರಿಗೆ ಕೂತಳು.

ಬಸವರಾಜಪ್ಪನವರು ಲೋಟ ಮುಟ್ಟುವ ಮೊದಲು ಕೇಳಿದರು. "ಗಾಡಿ ಹೇಗಿದೆ? ಇದ್ದದ್ದು ಇದ್ದ ಹಾಗೆ ಹೇಳು."

"ಇಂಜಿನ್ ಸರಿ ಇದೆ. ಕ್ಲಚ್ ಹೋದ ವರ್ಷ ಹಾಕಿಸಿದ್ದು. ಎರಡನೇ ಗೇರು ಏರಿನಲ್ಲಿ ಕೂಗತ್ತೆ. ಅದನ್ನ ಮಾಡಿಸೋಕೆ ಈಗ ಆಗಲ್ಲ, ಮಳೆಗಾಲ ಕಳೀಬೇಕು."

ಅವರು ಕಲ್ಲೇಶನ ಕಡೆ ನೋಡಿದರು. ಕಲ್ಲೇಶ್ ನೆಲ ನೋಡುತ್ತಾ, "ಹೌದು, ಅಷ್ಟೇ ಇರೋದು," ಅಂದ.

"ಕಂತು ತಪ್ಪಿದ್ರೆ ನಾನು ನಿನ್ನ ಹತ್ರ ಬರಲ್ಲ, ಸೀದಾ ನಿನ್ನ ಅಮ್ಮನ ಹತ್ರ ಹೋಗ್ತೀನಿ."

"ಹೋಗಿ ಸಾವ್ಕಾರ್ರೇ. ಹೋದವರು ವಾಪಸ್ ಬಂದ್ರೆ ಆಮೇಲೆ ಮಾತಾಡೋಣ," ಅಂದಳು ರೇವತಿ.

ಮೆಟ್ಟಿಲ ಹತ್ತಿರದವರು ನಕ್ಕರು. ಬಸವರಾಜಪ್ಪನವರು ಲೋಟ ಎತ್ತಿ ಒಂದೇ ಸಮ ಕುಡಿದು, ತಳ ಎಲ್ಲರಿಗೂ ಕಾಣುವ ಹಾಗೆ ಬಗ್ಗಿಸಿ ತೋರಿಸಿ ಮೇಜಿನ ಮೇಲಿಟ್ಟರು. ರೇವತಿ ತನ್ನದನ್ನು ಊದಿ ಊದಿ ನಿಧಾನಕ್ಕೆ ಕುಡಿದಳು. ಸಿದ್ದಗಂಗಮ್ಮನವರು ಖಾಲಿ ಲೋಟದೊಳಗೆ ಒಮ್ಮೆ ಇಣುಕಿ ನೋಡಿ, "ಸರಿ," ಅಂತ ಬಸ್ಸಿನ ಕಡೆ ಹೊರಟರು. ಆವತ್ತೇ ಸಂಜೆಯೊಳಗೆ ಮಂಡಳಿಯವರ ಸಹಿಯಾಗಿ ದುಡ್ಡು ಎಸ್ಟೇಟಿನ ಖಾತೆಗೆ ಹೋಯಿತು. ಅರ್ಚನಾ ಊಟಕ್ಕೂ ಏಳದೆ ಅದನ್ನು ಮಾಡಿ ಮುಗಿಸಿದಳು.

ಅವಳು ಈಗ ಫ್ಲಾಸ್ಕಿನಲ್ಲಿ ಟೀ ತರುತ್ತಾಳೆ. ಟೀಯಿಂದ ಯಾರಿಗೂ ಯಾವ ಜವಾಬ್ದಾರಿಯೂ ಇಲ್ಲವಲ್ಲ. ಸದಸ್ಯರೆಲ್ಲ ಕೂತು ಆರಾಮಾಗಿ ಕುಡಿಯುತ್ತಾರೆ, ಎರಡನೇ ಲೋಟವನ್ನೂ ಕೇಳುತ್ತಾರೆ. ಕಾಫಿ ಬೆಳೆಯುವವರ ಸೊಸೈಟಿಯಲ್ಲಿ ಟೀ ಅಂತ ಹೊರಗಿನವರು ನಗುವುದುಂಟು, ನಗಲಿ.

ಬಸವರಾಜಪ್ಪನವರು ಈಗ ದಿನಾ ಬೆಳಗ್ಗೆ ಬಂದು ನನ್ನ ಹೋಟೆಲಿನ ಹೊರಬೆಂಚಿನಲ್ಲೇ ಕೂರುತ್ತಾರೆ. ನಾನು ಕಾಫಿ ತಂದಿಟ್ಟರೂ ಮುಟ್ಟುವುದಿಲ್ಲ. ರಸ್ತೆಯ ತಿರುವಿನಲ್ಲಿ ಏರು ಹತ್ತುವ ಪಿಕಪ್ಪಿನ ಎರಡನೇ ಗೇರು ಕೂಗುವುದು ಕೇಳಬೇಕು. ಆಳುಗಳನ್ನು ತುಂಬಿಕೊಂಡು ಗಾಡಿ ಮುಂದೆ ಹೋದ ಮೇಲೆ ಲೋಟ ಎತ್ತುತ್ತಾರೆ. ಅಷ್ಟರಲ್ಲಿ ಕಾಫಿ ಆರಿರುತ್ತದೆ. ಬಿಸಿ ಮಾಡಿ ಕೊಡಲಾ ಅಂದರೆ ಬೇಡ ಅನ್ನುತ್ತಾರೆ.