ಎಡಗಣ್ಣಿನ ನಲವತ್ತು ಪ್ರತಿಗಳು

ಬಟ್ಟಲು ಇಷ್ಟು ದೊಡ್ಡದಿರಬಾರದಲ್ಲ, ಎಂದುಕೊಂಡಳು, ತೆರೆಯ ಮೇಲೆ ಯಾರೋ ರೋಗಿಯ ಕಣ್ಣಿನ ಒಳಗೋಡೆ, ಕಿತ್ತಳೆ ಬಣ್ಣ, ನರ ಹೊರಡುವಲ್ಲಿ ಬಿಳಿ ಬಟ್ಟಲು, ಅಂಚಿನವರೆಗೂ ಹರಡಿದ ಬಟ್ಟಲು, ಕಣ್ಣೊಳಗಿನ ಒತ್ತಡಕ್ಕೆ ನರ ಸಾಯುತ್ತಿರುವ ಗುರುತು — ಕೆಳಗೆ, ಚಿತ್ರ ನೋಡಿ ಕಣ್ಣಿನ ರೋಗ ಹಿಡಿಯಲು ಅವರ ಲ್ಯಾಬು ಕಲಿಸಿದ ಯಂತ್ರದ ತೀರ್ಪು, ಆರೋಗ್ಯವಂತ ಕಣ್ಣು, ನೂರಕ್ಕೆ ತೊಂಬತ್ತೊಂಬತ್ತು — ಬೆಳಿಗ್ಗೆಯಿಂದ ಇಂಥ ತಪ್ಪು ಇದು ಮೂರನೆಯದು, ಯಾವ ಗುರು ಹೇಳಿಕೊಟ್ಟನಪ್ಪಾ ನಿನಗೆ ಇದನ್ನ, ಎಂದು ತಮಾಷೆಗೇ ಕೇಳುತ್ತ ಯಂತ್ರಕ್ಕೆ ಪಾಠ ಮಾಡಿದ ಚಿತ್ರಗಳನ್ನು ಕೆದಕಿದಳು, ಸಿಕ್ಕಿತು, ಅಂಥದೇ ಬಟ್ಟಲು, ಮೇಲೆ ಅವಳೇ ಬರೆದಿದ್ದ ಹೆಸರು, ನಮ್ಮವರು, ಎಡಗಣ್ಣು. ನಮ್ಮವರೆಂದರೆ ಗಂಡ. ನಾಲ್ಕು ತಿಂಗಳ ಹಿಂದೆ ಹೊಸ ಸೆನ್ಸರ್ ಬಂದ ದಿನ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆ, ಹಳೇ ಕ್ಯಾಮರಾಗೆ ಕಾಣದ್ದೆಲ್ಲ ಇದಕ್ಕೆ ಕಾಣುತ್ತೆ ಅಂತ ಭೂತಗನ್ನಡಿ ಕುಣಿದಾಡಿದ್ದೇ ಕುಣಿದಾಡಿದ್ದು — ಎಲ್ಲದಕ್ಕೂ ಮೂಗು ತಾಗಿಸಿ ನೋಡುವ ಮುಖ್ಯಸ್ಥನಿಗೆ ಲ್ಯಾಬಿನವರಿಟ್ಟ ಹೆಸರು — ಇಲ್ಲಿಯ ರೂಢಿಯೇ ಹಾಗೆ, ಹೊಸ ಸಾಮಾನು ಬಂದರೆ ಮೊದಲು ನಮ್ಮ ಕಣ್ಣು, ಮನೆಯವರ ಕಣ್ಣು, ಅವು ಡಾಕ್ಟರ ಬಳಿ ಹೋಗದೆ ಸೀದಾ ಆರೋಗ್ಯವಂತರ ಕಂತೆಗೆ, ಓಡಾಡ್ಕೊಂಡಿರೋರಿಗೆ ಏನಾಗಿರುತ್ತೆ ಬಿಡಿ, ಊಟದ ಡಬ್ಬಿ ಕೊಡಲು ಬಂದಿದ್ದವನನ್ನು ಹಿಡಿದು ಕೂರಿಸಿದವಳೂ ಅವಳೇ, ರೀ, ಹಸಿರು ದೀಪ ನೋಡಿ, ರೆಪ್ಪೆ ಬಡೀಬೇಡಿ, ನಿನ್ನೆದುರು ರೆಪ್ಪೆ ಬಡಿಯೋಕೆ ನಂಗೆಲ್ಲಿ ಧೈರ್ಯ ಕಣೇ, ಎಲ್ಲರೂ ನಕ್ಕರು, ನಗುತ್ತಲೇ ಆರೋಗ್ಯವಂತ ಎಂದು ಒತ್ತಿದಳು, ಚಿತ್ರವನ್ನು ಸರಿಯಾಗಿ ನೋಡಿದಳೇ, ಇಲ್ಲ, ನೋಡಲಿಲ್ಲ. ಹೊಸ ಸೆನ್ಸರಿನ ಚಿತ್ರಗಳು ಸಾಲದೆಂದು ಅದೊಂದನ್ನೇ ತಿರುಗಿಸಿ, ಮಗುಚಿ, ಮಸುಕು ಮಾಡಿ ನಲವತ್ತಾಗಿಸಿದರು, ನಲವತ್ತು ಸಲ ಯಂತ್ರಕ್ಕೆ ಉರು ಹೊಡೆಸಿದರು, ಹೀಗಿದ್ದರೆ ಚೆನ್ನಾಗಿದೆ, ಹೀಗಿದ್ದರೆ ಚೆನ್ನಾಗಿದೆ.

ಮೊನ್ನೆ ಅವರು ಎಡಗಡೆಯ ಲೋಟಕ್ಕೆ ಕೈ ತಾಗಿಸಿ ಬೀಳಿಸಿದಾಗ ಕಣ್ಣೇನು ಹಣೆ ಮೇಲಿದೆಯಾ ಅಂತ ರೇಗಿದ್ದೆ, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡಾಗಲೂ ರೇಗಿದ್ದೆ — ಶಾಲಾ ಬಸ್ಸು ಓಡಿಸುವ ಮನುಷ್ಯ, ದೇವರೇ, ಗಂಟೆ ಮೂರು ಹತ್ತು, ಮೂರೂಕಾಲಿಗೆ ಬಸ್ಸು ಗೇಟು ದಾಟುತ್ತೆ, ಐವತ್ತು ಮಕ್ಕಳು, ಮಗಳೂ ಅದರಲ್ಲೇ, ಫೋನ್ ಎತ್ತುತ್ತಿಲ್ಲ, ಎತ್ತಿ, ಎತ್ತಿ ಅಂದ್ರೆ, ಎಡಗಡೆಯಿಂದ ಒಂದು ಸೈಕಲ್ಲು ಬಂದರೆ ಸಾಕು, ಆರನೇ ಸಲ ಎತ್ತಿದ. ಹೇಳೇ, ಮಕ್ಕಳೆಲ್ಲ ಹತ್ತಿದ್ದಾಯ್ತು, ಹೊರಟೆ. ಹೊರಡಬೇಡಿ, ಇಳೀರಿ, ನಿಮ್ಮ ಎಡಗಣ್ಣು — ಅವನು ನಕ್ಕ, ಓ, ಯಾರು ಹೇಳಿದ್ರು ನಿಂಗೆ, ಎಡಗಡೆ ಸ್ವಲ್ಪ ಮಂಜು ಅನ್ನಿಸ್ತಿತ್ತು, ನೀನು ಹೆದರ್ತೀಯ ಅಂತ ಹೇಳ್ಲಿಲ್ಲ, ಹೋದ ವಾರ ಕಣ್ಣಿನ ಕ್ಯಾಂಪಿಗೆ ಹೋಗಿ ತೋರಿಸ್ಕೊಂಡು ಬಂದೆ, ಏನೂ ಇಲ್ವಂತೆ ಕಣೇ, ಅಲ್ಲಿ ನೋಡಿದ್ದು ನಿನ್ನ ಯಂತ್ರಾನೇ, ಫೋನ್ ಇಡ್ಲಾ, ಅದಕ್ಕೆ ಕಲಿಸಿದ್ದು ನಾನು ಕಣ್ರೀ, ಎಂದಳೋ, ಎನ್ನಬೇಕೆಂದು ಬಾಯಿ ತೆರೆದಳೋ, ಆ ಕಡೆ ಬಾಗಿಲು ಮುಚ್ಚಿತು, ಎಂಜಿನ್ನು ಗುರ್ರೆಂದಿತು, ಈ ಕಡೆ ತೆರೆಯ ತುಂಬ ನಲವತ್ತು ಕಣ್ಣು, ತಿರುಗಿದ್ದು, ಮಗುಚಿದ್ದು, ಮಸುಕಾದದ್ದು, ಒಂದೊಂದರಲ್ಲೂ ಬಿಳಿ ಬಟ್ಟಲು, ಬಿಳಿ ಬಟ್ಟಲು, ಬಿಳಿ